ಮರಳಿ ಬಂದ ಪತ್ರದ ಷರಾ ಓದುವವರಾರು?

ಘಟ್ಟದ ಮೇಲಿನ ನಮ್ಮ ಸೀಮೆಯಲ್ಲಿ ಅಂಚೆಯೆಂದರೆ ಏನೆಂಬುದನ್ನು ಬಯಲುಸೀಮೆಯ ವಾಚಕರಿಗೆ ಹೇಳಿ ತಿಳಿಸುವದು ಸುಲಭವಲ್ಲ. ಹೆಗ್ಗರಣೆಯಂಥ ಊರಿನಲ್ಲಿ ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಒಂದು ತೋಟ, ಒಂದು ಹಳ್ಳ, ಒಂದು ಬೆಟ್ಟ ಅಡ್ಡವಾಗಿರುತ್ತದೆ. ಮಳೆಗಾಲದಲ್ಲಿ ಅಂಚೆಯವನು ಕೊಡೆ ಹಿಡಿದು, ಸಂಕ ದಾಟಿ, ಕಾಲಿಗೆ ಹತ್ತಿದ ಉಂಬಳಗಳನ್ನು ಕೊಡವುತ್ತ ಬಂದು ಪತ್ರ ಮುಟ್ಟಿಸಿ ಹೋಗುತ್ತಿದ್ದನು. ಮುಟ್ಟಿಸಲಾಗದ ಪತ್ರವನ್ನು ಮರಳಿ ಕಳುಹುವಾಗಲೂ ಇಲಾಖೆಯವರು ಅದರ ಬೆನ್ನಮೇಲೆ ‘ವಿಳಾಸದಾರರು ಊರು ಬಿಟ್ಟಿದ್ದಾರೆ’, ‘ಪಡೆಯಲು ನಿರಾಕರಿಸಿದರು’, ‘ವಿಳಾಸ ಅಪೂರ್ಣ’ ಎಂದು ಒಂದು ಷರಾ ಬರೆಯದೆ ಬಿಡುತ್ತಿರಲಿಲ್ಲ. ಕಳುಹಿಸಿದವನು ಆ ಷರಾ ಓದಿ ಮುಂದಿನ ಕೆಲಸವನ್ನು ನಿಶ್ಚಯಿಸುತ್ತಿದ್ದನು. ಷರಾ ಓದದೆ ಅದೇ ಲಕೋಟೆಯನ್ನು ಅದೇ ವಿಳಾಸಕ್ಕೆ ನಾಲ್ಕು ಸಲ ಹಾಕಿ ‘ಅಂಚೆ ಕೆಟ್ಟಿದೆ’ ಎಂದು ಕೈಚೆಲ್ಲಿ ಕುಳಿತ ಮಹನೀಯನನ್ನು ನಾವಂತೂ ಕಂಡಿಲ್ಲ.

ಈಗ ಅಂಥವರನ್ನು ದಿನಾಲು ಕಾಣುತ್ತಿದ್ದೇವೆ. ತಂತಿ ಇಲಾಖೆಯು ೨೦೧೩ರ ಜುಲೈ ತಿಂಗಳಲ್ಲಿ ಬಾಗಿಲು ಮುಚ್ಚಿತು. ಧಾರಣೆ ವಿಚಾರಿಸುವದು, ಮಾದರಿಯ ಛಾಯಾಚಿತ್ರ ಕಳುಹುವದು, ಬೀಜಕ ಮುಟ್ಟಿಸುವದು, ಟೆಂಡರು ಹಾಕುವದು, ಬ್ಯಾಂಕಿಗೆ ಉತ್ತರ ಕೊಡುವದು ಇವೆಲ್ಲ ಮಿಂಚಂಚೆಯ ಪಾಲಿಗೆ ಬಂದಿವೆ. ಸಿದ್ದಾಪುರ, ಶಿರಸಿ, ಯಲ್ಲಾಪುರ ತಾಲೂಕುಗಳ ಅಡಿಕೆ ಮೆಣಸುಗಳ ವ್ಯವಹಾರವು ಘಟ್ಟ ಇಳಿದು ಗುಜರಾತ, ಮಧ್ಯಪ್ರದೇಶ, ಉತ್ತರಪ್ರದೇಶಗಳವರೆಗೆ ಹಬ್ಬಿಕೊಂಡಿದೆ. ಆ ದೂರದ ವ್ಯಾಪಾರಸ್ಥನಿಗೂ ಇಲ್ಲಿಯ ತೋಟಿಗನಿಗೂ ನಡುವಣ ಸಂಕವು ಈ ಪತ್ರವೇ ಆಗಿದೆ. ಆ ಸಂಕವು ಮುರಿದಾಗ ಏಕೆ ಮುರಿಯಿತೆಂದು ಕೇಳುವ ರೂಢಿ ಮಾತ್ರ ನಮ್ಮಲ್ಲಿ ಇನ್ನೂ ಬೆಳೆದಿಲ್ಲ.

ನಮಗೆ ಪರಿಚಯವಿರುವ ಒಂದು ಪ್ರಸಂಗವನ್ನು ಇಲ್ಲಿ ಹೇಳಬೇಕಾಗಿದೆ. ಹೆಗ್ಗರಣೆಯ ಸಮೀಪದಲ್ಲಿ ಚಾಲಿ ಅಡಿಕೆ, ಕಾಳುಮೆಣಸು, ಒಣಗಿಸಿದ ಮುರುಗಲು ಸಿಪ್ಪೆಗಳನ್ನು ಕಟ್ಟಿ ಕಳುಹುವ ಒಂದು ಚಿಕ್ಕ ವ್ಯಾಪಾರದ ಮನೆಯಿದೆ. ಅವರು ತಮ್ಮ ಮನೆತನದ ಹೆಸರಿನಲ್ಲಿಯೇ ಒಂದು ಕ್ಷೇತ್ರನಾಮವನ್ನು, ಅಂದರೆ ಡೊಮೇನನ್ನು, ಕೊಂಡು ಅದರಿಂದ ಪತ್ರವ್ಯವಹಾರ ನಡೆಸುವರು. ಗುಜರಾತಿನ ಒಬ್ಬ ಹಳೆಯ ಗಿರಾಕಿಗೆ ಮೆಣಸಿನ ದರಪಟ್ಟಿ ಕಳುಹಿಸಿದರು, ಅದು ಮರಳಿತು. ಮರುದಿನ ಕಳುಹಿಸಿದರು, ಮರಳಿತು. ಮೂರನೆಯ ದಿನವೂ ಹಾಗೆಯೇ ಆಯಿತು. ‘ಮಳೆ ಜೋರಾಗಿದೆ, ನೆಟ್‌ವರ್ಕ್ ಇಲ್ಲ’ ಎಂದು ಸಮಾಧಾನ ತಂದುಕೊಂಡು ಅವರು ಸುಮ್ಮನಾದರು. ಅತ್ತ ಗಿರಾಕಿಯು ಇವರಿಗೆ ಕೊಡುವ ಮನಸ್ಸಿಲ್ಲವೆಂದು ತಿಳಿದು ಬೇರೆ ಕಡೆಯ ಮಾಲನ್ನು ಕೊಂಡನು. ಜಗಳವಿಲ್ಲ, ಮಾತಿಲ್ಲ, ಬಹುಕಾಲದ ವ್ಯವಹಾರವೊಂದು ನಿಃಶಬ್ದವಾಗಿ ಮುರಿಯಿತು.

ಮಳೆಗೆ ತಂತಿ ಹರಿಯುವದು, ಕರೆಂಟು ಹೋಗುವದು ನಮ್ಮಲ್ಲಿ ಹೊಸದಲ್ಲ. ಆದರೆ ಇಲ್ಲಿ ವಿಚಾರಿಸತಕ್ಕ ಮಾತೊಂದಿದೆ. ಮಾರ್ಗವೇ ಕಡಿದಿದ್ದರೆ ‘ನಿಮ್ಮ ಪತ್ರವನ್ನು ಸ್ವೀಕರಿಸಲಿಲ್ಲ’ ಎಂಬ ಓಲೆಯಾದರೂ ಇವರ ಮನೆಗೆ ಹೇಗೆ ಬಂದಿತು? ನಿರಾಕರಣೆಯ ಓಲೆ ಬಂದಿತೆಂದರೆ ಪತ್ರವು ಎದುರಿನವನ ಬಾಗಿಲವರೆಗೆ ಅಥವಾ ಅದರ ಹತ್ತಿರದವರೆಗೆ ಹೋಗಿ, ಅಲ್ಲಿಯ ಕಾವಲುಗಾರನೊಡನೆ ಮಾತಾಡಿ, ಒಳಗೆ ಬಿಡಿಸಿಕೊಳ್ಳಲಾರದೆ ತಿರುಗಿತೆಂದೇ ಅರ್ಥ. ದೋಷವು ಮಳೆಯದಲ್ಲ.

ಆ ಓಲೆಯನ್ನು ಜನರು ಓದದಿರುವದಕ್ಕೆ ಕಾರಣಗಳೂ ಇವೆ. ಅದು ಇಂಗ್ಲಿಷಿನಲ್ಲಿರುತ್ತದೆ, ಅದೂ ಯಂತ್ರದ ಇಂಗ್ಲಿಷು. ಕಳುಹಿಸಿದವರ ಹೆಸರಿನ ಜಾಗದಲ್ಲಿ ‘ಮೇಲರ್-ಡೀಮನ್’ ಎಂದು ಬರೆದಿರುತ್ತದೆ. ಒಬ್ಬ ವೃದ್ಧ ಗೃಹಸ್ಥರು ಇದಾವುದೋ ಭೂತದ ಹೆಸರೆಂದು ಭಾವಿಸಿ, ಕಂಪ್ಯೂಟರಿಗೆ ರೋಗ ತಗಲಿತೆಂದು ಅದನ್ನು ತೆರೆಯದೆ ಅಳಿಸಿಹಾಕುತ್ತಿದ್ದರು. ಆ ಭೂತವು ನಿರುಪದ್ರವಿ. ತೆರೆಯ ಹಿಂದೆ ಕುಳಿತು ಚಾಕರಿ ಮಾಡುವ ಯಂತ್ರಭೃತ್ಯನಿಗೆ ಪಾಶ್ಚಾತ್ಯ ಯಂತ್ರಶಾಸ್ತ್ರಜ್ಞರು ಇಟ್ಟ ಹೆಸರು ಅದು. ಹಾಗೆಂದು ಗೃಹಸ್ಥರ ಭಯವೂ ಪೂರ್ತಿ ಸುಳ್ಳಲ್ಲ. ‘ನಿಮ್ಮ ಪತ್ರಗಳು ತಡೆಹಿಡಿಯಲ್ಪಟ್ಟಿವೆ, ಬಿಡಿಸಿಕೊಳ್ಳಲು ಇಲ್ಲಿ ಒತ್ತಿ ಗುಪ್ತಪದ ಬರೆಯಿರಿ’ ಎಂಬ ವೇಷಧಾರಿ ಓಲೆಗಳನ್ನು ಕಳ್ಳರು ಕಳುಹುವದುಂಟು. ನಿಜವಾದ ನಿರಾಕರಣೆಯ ಓಲೆಯು ಗುಪ್ತಪದವನ್ನು ಎಂದಿಗೂ ಕೇಳುವದಿಲ್ಲ. ನಾವು ಕಳುಹಿಸದೆಯೇ ಇದ್ದ ಪತ್ರವು ಮರಳಿ ಬಂದಿತೆಂದರೆ, ಯಾರೋ ನಮ್ಮ ಹೆಸರನ್ನು ಕದ್ದು ಪತ್ರ ಬರೆಯುತ್ತಿದ್ದಾರೆಂದು ತಿಳಿಯತಕ್ಕದ್ದು.

ಷರಾ ಇರುವದು ಅಂಕಿಗಳಲ್ಲಿ. ಎರಡು ಯಂತ್ರಗಳು ಪತ್ರವನ್ನು ಕೊಟ್ಟು ತೆಗೆದುಕೊಳ್ಳುವಾಗ ನಡೆಯುವ ಸಂಭಾಷಣೆಯ ವಿಧಾನವನ್ನು ಜೊನಾಥನ್ ಪೋಸ್ಟೆಲ್ ಎಂಬ ಅಮೇರಿಕದ ವಿದ್ವಾಂಸನು ೧೯೮೨ರ ಆಗಸ್ಟಿನಲ್ಲಿ ಬರೆದು ಪ್ರಕಟಿಸಿದನು. ಎದುರಿನ ಯಂತ್ರವು ಪ್ರತಿಯೊಂದು ಮಾತಿಗೂ ಮೂರು ಅಂಕಿಗಳ ಉತ್ತರ ಕೊಡುವದು. ಮೊದಲ ಅಂಕಿ ೨ ಇದ್ದರೆ ‘ಸ್ವೀಕರಿಸಿದೆ’. ೪ ಇದ್ದರೆ ‘ಈಗ ಆಗದು, ತರುವಾಯ ಬಾ’. ೫ ಇದ್ದರೆ ‘ಆಗದು, ಹೋಗು’. ಇಷ್ಟನ್ನು ಕಲಿತರೆ ಅರ್ಧ ವೈದ್ಯ ಕಲಿತಂತೆ. ನಾಲ್ಕರಿಂದ ಮೊದಲಾಗುವ ಉತ್ತರಕ್ಕೆ ನಾವು ಮಾಡತಕ್ಕದ್ದು ಸಾಮಾನ್ಯವಾಗಿ ಏನೂ ಇಲ್ಲ. ನಮ್ಮ ಕಡೆಯ ಯಂತ್ರವೇ ತಿರುತಿರುಗಿ ಪ್ರಯತ್ನಿಸುವದು. ನಾಲ್ಕೈದು ದಿನ ಕಾಯ್ದು ಆಮೇಲೆ ಕೈಬಿಡುವದು. ಅಪರಿಚಿತನನ್ನು ಮೊದಲ ಸಲ ಬೇಕೆಂದೇ ತಿರುಗಿ ಕಳುಹಿ, ಎರಡನೆಯ ಸಲ ಒಳಗೆ ಬಿಡುವ ಜಾಣ ಕಾವಲುಗಾರರೂ ಇದ್ದಾರೆ. ಪುಂಡನು ಎರಡನೆಯ ಸಲ ಬರುವ ತಾಳ್ಮೆ ಇಲ್ಲದವನೆಂಬುದು ಅವರ ಲೆಕ್ಕಾಚಾರ. ಐದರಿಂದ ಮೊದಲಾದ ಉತ್ತರಕ್ಕೆ ಮಾತ್ರ ನಾವೇ ಎದ್ದು ಕೆಲಸ ಮಾಡಬೇಕು. ಅದೇ ಪತ್ರವನ್ನು ಅದೇ ರೀತಿಯಲ್ಲಿ ಪುನಃ ಕಳುಹುವದರಿಂದ ಫಲವಿಲ್ಲ. ಹಟಮಾರಿಯೆಂಬ ಹೆಸರು ಬಂದು ನಮ್ಮ ಮಾನವು ಇನ್ನಷ್ಟು ಕೆಡುವದುಂಟು.

ಮೂರಂಕಿಯ ಬದಿಯಲ್ಲಿ ಚುಕ್ಕೆಗಳಿಂದ ಕೂಡಿದ ಇನ್ನೊಂದು ಅಂಕಿ ಇರುತ್ತದೆ. ರೋಗದ ಸ್ಥಾನವನ್ನು ಅದು ತೋರಿಸುವದು. ೫.೧.೧ ಎಂದರೆ ಅಂಥ ಹೆಸರಿನವರು ಅಲ್ಲಿಲ್ಲ. ಒಂದು ಅಕ್ಷರ ತಪ್ಪಿರಬಹುದು, ನೌಕರನು ಕೆಲಸ ಬಿಟ್ಟಿರಬಹುದು. ೫.೨.೨ ಎಂದರೆ ಅವರ ಪೆಟ್ಟಿಗೆ ತುಂಬಿದೆ. ೫.೩.೪ ಎಂದರೆ ಪತ್ರದ ಭಾರ ಹೆಚ್ಚಾಗಿದೆ. ಜಿಮೇಲಿನವರು ೨೫ ಮೆಗಾಬೈಟುಗಳಿಗಿಂತ ಹೆಚ್ಚಿನ ಲಗತ್ತನ್ನು ಕಳುಹಗೊಡುವದಿಲ್ಲ. ಬೇರೆ ಕಡೆಗಳಲ್ಲಿ ಮಿತಿಯು ಇದಕ್ಕಿಂತ ಕಡಿಮೆ ಇರಬಹುದು. ಲಗತ್ತುಗಳನ್ನು ಅಕ್ಷರರೂಪಕ್ಕೆ ತಿರುಗಿಸಿ ಸಾಗಿಸುವಾಗ ಅವುಗಳ ಗಾತ್ರವು ಮೂರರಲ್ಲೊಂದು ಪಾಲಿನಷ್ಟು ಉಬ್ಬುವದೆಂಬುದನ್ನು ಬಹಳ ಜನರು ಅರಿಯರು. ರಾಶಿ, ಬೆಟ್ಟೆ, ಕೆಂಪುಗೋಟುಗಳ ಚಿತ್ರಗಳನ್ನು ಒಂದೇ ಕಂತೆ ಕಟ್ಟಿ ಹಾಕುವವರು ಇದನ್ನು ಲಕ್ಷಿಸಬೇಕು.

ಇವೆಲ್ಲ ಸಣ್ಣ ಮಾತುಗಳು. ಇಂದು ನಮ್ಮ ವ್ಯಾಪಾರಸ್ಥರನ್ನು ನಿಜವಾಗಿ ಕಾಡುತ್ತಿರುವದು ೫.೭ ಎಂಬ ಅಂಕಿಯ ವರ್ಗ. ‘ನೀನು ಯಾರೆಂಬ ನಂಬಿಗೆ ನಮಗಿಲ್ಲ’ ಎಂಬುದು ಅದರ ಭಾವಾರ್ಥ. ಹೆಗ್ಗರಣೆಯ ಆ ಮನೆಗೆ ಬಂದ ಓಲೆಯಲ್ಲಿದ್ದದ್ದೂ ೫೫೦, ೫.೭.೨೬ ಎಂದೇ.

ಈ ಅಪನಂಬಿಗೆ ಹುಟ್ಟಿದ್ದು ಹೇಗೆಂದು ತಿಳಿಯದೆ ಕಾವಲುಗಾರನನ್ನು ಬೈಯುವದು ನ್ಯಾಯವಲ್ಲ. ಪೋಸ್ಟೆಲನು ನಿಯಮ ಬರೆದ ಕಾಲಕ್ಕೆ ಈ ಜಾಲವನ್ನು ಬಳಸುವವರು ಕೆಲವು ವಿದ್ಯಾಪೀಠಗಳ ಮತ್ತು ಸಂಶೋಧನಾಲಯಗಳ ಜನರು. ಒಬ್ಬರ ಗುರುತು ಒಬ್ಬರಿಗಿತ್ತು. ಅಂಚೆಕಾರ್ಡಿನ ಮೇಲೆ ‘ಇಂತಿ ತಹಶೀಲ್ದಾರರು’ ಎಂದು ಯಾರು ಬೇಕಾದರೂ ಬರೆಯಬಹುದಷ್ಟೆ? ಅದರಂತೆ ಮಿಂಚಂಚೆಯಲ್ಲಿಯೂ ಕಳುಹಿದವನ ಹೆಸರನ್ನು ಪರೀಕ್ಷಿಸುವ ಏರ್ಪಾಡು ಇರಲಿಲ್ಲ. ಆ ನಿಯಮ ಬರುವ ಮೊದಲೇ, ೧೯೭೮ರ ಮೇ ತಿಂಗಳಲ್ಲಿ, ಕಂಪ್ಯೂಟರು ಮಾರುವ ಒಬ್ಬ ಮಹಾಶಯನು ಸುಮಾರು ನಾನೂರು ಜನರಿಗೆ ಕೇಳದೆ ಜಾಹೀರಾತು ಕಳುಹಿಸಿ ಬೈಸಿಕೊಂಡಿದ್ದನು. ಅಂದಿನ ನಾನೂರು ಮುಂದೆ ಕೋಟಿಗಟ್ಟಲೆಯಾಯಿತು. ಜಾಹೀರಾತಿನ ಕಾಟದ ಹಿಂದೆಯೇ ವಂಚನೆಯೂ ಬಂದಿತು. ವ್ಯಾಪಾರಿಯ ಹೆಸರಿನಲ್ಲಿ ಕಳ್ಳನು ಪತ್ರ ಬರೆದು, ‘ನಮ್ಮ ಬ್ಯಾಂಕು ಖಾತೆ ಬದಲಾಗಿದೆ, ಬೀಜಕದ ಹಣವನ್ನು ಈ ಹೊಸ ಖಾತೆಗೆ ಕಟ್ಟಿರಿ’ ಎನ್ನುವನು. ಗಿರಾಕಿಯು ನಂಬಿ ಕಟ್ಟುವನು. ಮಾಲು ಕೊಟ್ಟ ತೋಟಿಗನಿಗೆ ಹಣವಿಲ್ಲ, ಕಟ್ಟಿದವನಿಗೆ ರಸೀದಿಯಿಲ್ಲ. ಇಂಥದೊಂದು ಪತ್ರವು ನಮ್ಮ ಹೆಸರಿನಲ್ಲಿ ಹೋಗುವದನ್ನು ತಡೆಯುವ ಕಾವಲುಗಾರನು ನಮ್ಮ ಮಿತ್ರನೇ.

ಆ ಕಾವಲಿಗೆ ಮೂರು ಗುರುತುಗಳು ಬೇಕು. ನಮ್ಮ ಕ್ಷೇತ್ರನಾಮದ ಬಗೆಗೆ ಜಗತ್ತೆಲ್ಲ ನೋಡಬಹುದಾದ ಒಂದು ಬಹಿರಂಗ ದಫ್ತರವಿದೆ. ಅದಕ್ಕೆ ಡಿಎನ್‌ಎಸ್ ಎನ್ನುವರು. ‘ನಮ್ಮ ಹೆಸರಿನಲ್ಲಿ ಪತ್ರ ಒಯ್ಯುವ ಅಧಿಕಾರವು ಇಂತಿಂಥ ಯಂತ್ರಗಳಿಗೆ ಮಾತ್ರ’ ಎಂದು ಅದರಲ್ಲಿ ಬರೆದಿಡುವದು ಎಸ್‌ಪಿಎಫ್. ಸಂಘದ ರೊಕ್ಕ ತರಲು ಯಾರು ಬ್ಯಾಂಕಿಗೆ ಹೋಗಬಹುದೆಂದು ಠರಾವು ಮಾಡಿ ಬ್ಯಾಂಕಿಗೆ ಕೊಡುವದಿಲ್ಲವೆ, ಹಾಗೆ. ಪ್ರತಿಯೊಂದು ಪತ್ರಕ್ಕೂ ತಿದ್ದಲು ಬಾರದ ಒಂದು ಗುಪ್ತ ಮುದ್ರೆ ಒತ್ತುವದು ಡಿಕಿಮ್. ಮುದ್ರೆಯ ನಮೂನೆ ಅದೇ ದಫ್ತರದಲ್ಲಿರುವದರಿಂದ ಎದುರಿನವರು ತಾಳೆ ನೋಡಬಹುದು. ಈ ಎರಡೂ ತಾಳೆಯಾಗದ ಪತ್ರ ಬಂದರೆ ಅದನ್ನು ಏನು ಮಾಡಬೇಕೆಂದು ಹೆಸರಿನ ಒಡೆಯನೇ ಹೇಳಿಡುವದು ಡಿಮಾರ್ಕ್. ಮೊದಲನೆಯದರ ನಿಯಮ ೨೦೦೬ರಲ್ಲಿ, ಎರಡನೆಯದು ೨೦೦೭ರಲ್ಲಿ, ಮೂರನೆಯದು ೨೦೧೫ರಲ್ಲಿ ಪ್ರಕಟವಾದವು. ಬಹುಕಾಲ ಇವು ಇದ್ದರೂ ಆಯಿತು, ಇಲ್ಲದಿದ್ದರೂ ನಡೆಯಿತು ಎಂಬಂತಿದ್ದವು. ಆದರೆ ೨೦೨೪ರ ಫೆಬ್ರುವರಿಯಿಂದ ಗೂಗಲ್ ಮತ್ತು ಯಾಹೂ ಕಂಪನಿಗಳು ಬಿಗಿ ಹಿಡಿದವು. ಸಣ್ಣವನೇ ಇರಲಿ, ಮೊದಲೆರಡು ಗುರುತುಗಳಲ್ಲಿ ಒಂದಾದರೂ ಇಲ್ಲದವನ ಪತ್ರವನ್ನು ಜಿಮೇಲ್ ನಿರಾಕರಿಸಬಹುದು. ದಿನಕ್ಕೆ ಐದು ಸಾವಿರಕ್ಕಿಂತ ಹೆಚ್ಚು ಕಳುಹುವವನಿಗೆ ಮೂರೂ ಬೇಕು. ಮೈಕ್ರೋಸಾಫ್ಟಿನವರು ೨೦೨೫ರ ಮೇ ತಿಂಗಳಿಂದ ದೊಡ್ಡ ಕಳುಹುಗಾರರಿಗೆ ಇದೇ ನಿಯಮ ವಿಧಿಸಿದರು. ನಮ್ಮಲ್ಲಿ ಅನೇಕರ ಪತ್ರಗಳು ‘ನಿನ್ನೆಯವರೆಗೆ ಸರಿ ಹೋಗುತ್ತಿದ್ದವು’ ಎಂಬುದರ ಗುಟ್ಟು ಇದೇ. ನಾವು ಏನೂ ಕೆಡಿಸಲಿಲ್ಲ. ಬಾಗಿಲ ಕಾನೂನು ಬದಲಾಯಿತು.

ಈ ದಫ್ತರದಲ್ಲಿ ಆಗುವ ತಪ್ಪುಗಳು ಬಹುಶಃ ಎಲ್ಲ ಊರುಗಳಲ್ಲಿಯೂ ಒಂದೇ ಬಗೆಯವು. ಪತ್ರದ ಏರ್ಪಾಡನ್ನು ಒಂದು ಕಂಪನಿಯಿಂದ ಇನ್ನೊಂದಕ್ಕೆ ಬದಲಿಸುತ್ತಾರೆ. ದಫ್ತರದಲ್ಲಿ ಹಳೆಯ ಕಂಪನಿಯ ಹೆಸರೇ ಉಳಿಯುತ್ತದೆ. ಬೀಜಕಗಳನ್ನು ಲೆಕ್ಕಪತ್ರದ ತಂತ್ರಾಂಶವೇ ನೇರವಾಗಿ ಕಳುಹುವಂತೆ ಮಾಡುತ್ತಾರೆ. ಆ ತಂತ್ರಾಂಶದವರ ಯಂತ್ರವನ್ನು ಅಧಿಕಾರಪತ್ರದಲ್ಲಿ ಸೇರಿಸಲು ಮರೆಯುತ್ತಾರೆ. ಆಗ ಗುಮಾಸ್ತನು ಕೈಯಿಂದ ಬರೆದ ಪತ್ರ ಮುಟ್ಟುವದು, ಬೀಜಕ ಮಾತ್ರ ಮರಳುವದು. ಇದನ್ನು ಕಂಡು ಬೆರಗಾಗುವವರು ಬಹಳ. ಹೊಸದನ್ನು ಸೇರಿಸುವಾಗ ಹಳೆಯದನ್ನು ತಿದ್ದದೆ ಎರಡನೆಯ ಎಸ್‌ಪಿಎಫ್ ಸಾಲನ್ನೇ ಬರೆಯುವವರು ಇನ್ನು ಕೆಲವರು. ಒಂದು ಹೆಸರಿಗೆ ಒಂದೇ ಸಾಲು ಇರತಕ್ಕದ್ದು. ಎರಡಿದ್ದರೆ ಎರಡೂ ಅಸಿಂಧು. ಒಂದೇ ಸಾಲಿನಲ್ಲಿಯೂ ಹತ್ತಕ್ಕಿಂತ ಹೆಚ್ಚು ಕಡೆ ವಿಚಾರಿಸಬೇಕಾಗುವಂತೆ ಬರೆದರೆ ಪರೀಕ್ಷಕನು ಅಲ್ಲಿಗೇ ನಿಲ್ಲಿಸಿಬಿಡುವನು. ಎದುರಿನ ಅಧಿಕಾರಿಯು ಹಳೆಯ ವಿಳಾಸಕ್ಕೆ ಬಂದದ್ದನ್ನು ಹೊಸ ವಿಳಾಸಕ್ಕೆ ತಾನಾಗಿ ಸಾಗಿಸುವಂತೆ ಮಾಡಿಟ್ಟಿದ್ದರೆ, ನಡುವಿನ ಯಂತ್ರವು ನಮ್ಮ ಅಧಿಕಾರಪತ್ರದಲ್ಲಿ ಇರುವದಿಲ್ಲವಾದ್ದರಿಂದ ಎಸ್‌ಪಿಎಫ್ ಸೋಲುವದು. ಪತ್ರವನ್ನು ದಾರಿಯಲ್ಲಿ ಯಾರೂ ತಿದ್ದದಿದ್ದರೆ ಡಿಕಿಮಿನ ಮುದ್ರೆ ಮಾತ್ರ ಉಳಿಯುವದು. ಎರಡನ್ನೂ ಇಟ್ಟುಕೊಳ್ಳಿರೆಂದು ನಾವು ಹೇಳುವದು ಇದಕ್ಕಾಗಿಯೆ.

ಇನ್ನೊಂದು ಬಗೆಯ ನಿರಾಕರಣೆಯಲ್ಲಿ ‘ಸ್ಪ್ಯಾಮ್‌ಹೌಸ್’ ಮುಂತಾದ ಹೆಸರು ಕಾಣಿಸುವದು. ಇವರು ಪುಂಡರ ಪಟ್ಟಿ ಇಡುವವರು. ನಮ್ಮ ಹೆಸರು ಆ ಪಟ್ಟಿಗೆ ಬಂದಿತೆಂದರೆ ‘ತೆಗೆಯಿರಿ’ ಎಂದು ಅರ್ಜಿ ಬರೆಯಲು ಎಲ್ಲರೂ ಓಡುವರು. ಅದು ಎರಡನೆಯ ಕೆಲಸ. ಮೊದಲನೆಯದು ಮನೆಯನ್ನು ಶೋಧಿಸುವದು. ಕಚೇರಿಯ ಗುಪ್ತಪದವನ್ನು ಯಾರೋ ಕದ್ದು ರಾತ್ರಿಯೆಲ್ಲ ನಮ್ಮ ಹೆಸರಿನಲ್ಲಿ ಸಾವಿರಾರು ಪತ್ರಗಳನ್ನು ಕಳುಹಿಸಿರಬಹುದು. ಆ ತೂತು ಮುಚ್ಚದೆ ಹೆಸರು ತೆಗೆಸಿದರೆ ನಾಳೆಗೆ ಅದು ಮತ್ತೆ ಪಟ್ಟಿಯಲ್ಲಿಯೇ ಇರುವದು. ಅಗ್ಗದ ದರದಲ್ಲಿ ನೂರಾರು ಜನರೊಡನೆ ಒಂದೇ ಯಂತ್ರದಲ್ಲಿ ಬಿಡಾರ ಮಾಡಿದವರಿಗೆ ನೆರೆಯವನ ಪಾಪವೂ ತಗಲುವದು. ಮನೆಯ ಸಾಮಾನ್ಯ ಇಂಟರ್ನೆಟ್ ಮಾರ್ಗದಿಂದ ನೇರವಾಗಿ ಎದುರಿನವನ ಬಾಗಿಲು ತಟ್ಟುವ ಯಂತ್ರವನ್ನು ಯಾರೂ ನಂಬುವದಿಲ್ಲ. ಅಂಥವರು ತಮ್ಮ ಪತ್ರಸೇವೆಯವರ ೫೮೭ ಅಥವಾ ೪೬೫ ಸಂಖ್ಯೆಯ ದ್ವಾರದಿಂದ, ಗುಪ್ತಪದ ಹೇಳಿ, ಅವರ ಮೂಲಕವೇ ಕಳುಹತಕ್ಕದ್ದು.

ಈ ಗೊಂದಲವೇ ಬೇಡವೆಂದು ಸಂಘದ ಪತ್ರವ್ಯವಹಾರವನ್ನೆಲ್ಲ ಕಾರ್ಯದರ್ಶಿಗಳ ಖಾಸಗಿ ಜಿಮೇಲಿನಿಂದ ನಡೆಸುವ ಜಾಣತನವು ಈಗ ನಮ್ಮಲ್ಲಿ ರೂಢಿಯಾಗಿದೆ. ಪತ್ರ ಮುಟ್ಟುವದು ನಿಜ. ಆದರೆ ಕಾರ್ಯದರ್ಶಿಗಳು ನಿವೃತ್ತರಾದ ದಿನ ಸಂಘದ ಹತ್ತು ವರ್ಷಗಳ ದಫ್ತರವೂ ಅವರ ಸಂಗಡ ಮನೆಗೆ ಹೋಗುವದು. ವಾರ್ಷಿಕ ಸಭೆಯ ನೋಟೀಸನ್ನು ಸಾವಿರ ಸದಸ್ಯರಿಗೆ ಒಮ್ಮೆಲೆ ಕಳುಹ ಹೋದರೆ, ದಿನಕ್ಕೆ ೫೦೦ ಜನರೆಂಬ ಖಾಸಗಿ ಖಾತೆಯ ಮಿತಿ ಮೀರಿ ಅರ್ಧ ನೋಟೀಸು ಹೋಗದೆ ಉಳಿಯುವದು. ಆ ಉಳಿದ ಅರ್ಧದಲ್ಲಿ ವಿರೋಧ ಪಕ್ಷದವರೇ ಹೆಚ್ಚಾಗಿದ್ದರೆ ಏನಾಗುವದೆಂಬುದನ್ನು ನಮ್ಮ ಸಹಕಾರಿ ಧುರೀಣರಿಗೆ ನಾವು ವಿವರಿಸಬೇಕಾಗಿಲ್ಲ.

ಇಷ್ಟರ ಮೇಲಿಂದ ದೋಷವೆಲ್ಲ ಕಳುಹುವವನದೇ ಎಂದು ಅಧಿಕಾರಿವರ್ಗದವರು ಸಂತೋಷಪಡಲಾಗದು. ಪೆಟ್ಟಿಗೆ ತುಂಬಿದೆಯೆಂಬ ಉತ್ತರವು ವ್ಯಾಪಾರಸ್ಥರಿಗಿಂತ ಸರಕಾರೀ ಕಚೇರಿಗಳಿಂದಲೇ ಹೆಚ್ಚಾಗಿ ಬರುತ್ತಿದೆಯೆಂದು ನಮ್ಮ ಅನುಭವ. ಕಚೇರಿಯ ಗೋಡೆಯ ಮೇಲಿನ ಫಲಕದಲ್ಲಿ ಒಂದು ವಿಳಾಸ, ಜಾಹೀರಾತಿನಲ್ಲಿ ಇನ್ನೊಂದು, ಸಾಹೇಬರು ನಿಜವಾಗಿ ನೋಡುವದು ಮೂರನೆಯದು. ‘ಅರ್ಜಿಗಳನ್ನು ಮಿಂಚಂಚೆಯಿಂದಲೇ ಕಳುಹತಕ್ಕದ್ದು’ ಎಂದು ಹುಕುಮು ಹೊರಡಿಸಿ ಪೆಟ್ಟಿಗೆಯನ್ನು ತುಂಬಿಸಿಟ್ಟುಕೊಂಡು ಕೂಡ್ರುವದು, ಅಂಚೆಯವನಿಗೆ ‘ಒಳಗೆ ಬಾ’ ಎಂದು ಕರೆದು ನಾಯಿಯನ್ನು ಬಿಟ್ಟಂತೆ.

ಇದು ಬರೇ ಅಡಚಣೆಯ ಮಾತಲ್ಲ, ಹಕ್ಕಿನ ಮಾತು. ಅಂಚೆಯ ಕಾಲದಲ್ಲಿ ಕಾಯದೆಯು ಕಳುಹಿದವನಿಗೆ ತಕ್ಕಮಟ್ಟಿಗೆ ಅನುಕೂಲವಾಗಿತ್ತು. ೧೮೭೨ರ ಕರಾರು ಕಾಯದೆಯ ೪ನೆಯ ಕಲಮಿನ ಮೇರೆಗೆ, ಒಪ್ಪಿಗೆಯ ಪತ್ರವನ್ನು ಅಂಚೆಗೆ ಹಾಕಿದೊಡನೆ ಪ್ರಸ್ತಾಪ ಮಾಡಿದವನು ಕಟ್ಟುಬೀಳುವನು. ಹತ್ತಿಕಾಳಿನ ಹಿಂಡಿಯ ವ್ಯಾಪಾರದಿಂದ ಹುಟ್ಟಿದ ಕೇಡಿಯಾ ಎಂಬವರ ಖಟ್ಲೆಯಲ್ಲಿ ಸುಪ್ರೀಮ್ ಕೋರ್ಟು ೧೯೬೫ರಲ್ಲಿ, ಟೆಲಿಫೋನಿನ ಮಾತಿಗೆ ಈ ಸೂತ್ರ ಹತ್ತದು, ಎದುರಿನವನ ಕಿವಿಗೆ ಬಿದ್ದಾಗಲೇ ಒಪ್ಪಿಗೆ ಪೂರ್ಣವಾಗುವದು ಎಂದು ಹೇಳಿತು. ಮಿಂಚಂಚೆಗೆ ೨೦೦೦ದ ಮಾಹಿತಿ ತಂತ್ರಜ್ಞಾನ ಕಾಯದೆಯ ೧೩ನೆಯ ಕಲಮಿದೆ. ಪತ್ರವು ಕಳುಹಿದವನ ಹತೋಟಿಯನ್ನು ಮೀರಿದ ಯಂತ್ರವನ್ನು ಹೊಕ್ಕಾಗ ರವಾನೆಯಾಯಿತು. ಪಡೆಯುವವನು ಗೊತ್ತುಮಾಡಿದ ಯಂತ್ರವನ್ನು ಹೊಕ್ಕಾಗ ಸ್ವೀಕಾರವಾಯಿತು. ಬೇರೆ ಕರಾರಿಲ್ಲದಿದ್ದರೆ ಇದೇ ಮಾಪು. ಈಗ ವಿಚಾರಿಸಿರಿ. ಬಾಗಿಲಲ್ಲಿ ತಡೆಯಲ್ಪಟ್ಟ ಪತ್ರವು ರವಾನೆಯಾಗಿದೆ, ಆದರೆ ಸ್ವೀಕಾರವಾಗಿಲ್ಲ. ‘ಇಂಥ ತಾರೀಖಿನೊಳಗೆ ಮುಟ್ಟತಕ್ಕದ್ದು’ ಎಂಬ ಟೆಂಡರಿನಲ್ಲಿ ಅಂಥವನ ಗತಿಯೇನು? ನಿರಾಕರಣೆಯ ಓಲೆಯೊಂದೇ ಅವನ ಕೈಯಲ್ಲಿರುವ ಸಾಕ್ಷಿ. ಅದನ್ನು ಭೂತವೆಂದು ಅಳಿಸಿಹಾಕಿದವನು ತನ್ನ ಸಾಕ್ಷಿಯನ್ನು ತಾನೇ ಸುಟ್ಟನು. ಓಲೆಯನ್ನು ತಲೆಬರಹಗಳ ಸಹಿತ ಕಾಯ್ದಿಡಬೇಕು. ಗಡುವಿನ ಪತ್ರವಾಗಿದ್ದರೆ ಅದೇ ದಿನ ಸ್ಪೀಡ್ ಪೋಸ್ಟಿನಿಂದಲೂ ಕಳುಹಬೇಕು. ಪೆಟ್ಟಿಗೆ ತುಂಬಿದ ಕಚೇರಿಗೆ ಓಲೆಯ ನಕಲು ಲಗತ್ತಿಸಿ ತಕರಾರು ಬರೆಯಬೇಕು. ಸ್ವತಃ ಸರಕಾರವೇ ತನ್ನ ಪೆಟ್ಟಿಗೆಯ ದೋಷದಿಂದ ಮರಳಿದ ಪತ್ರವನ್ನು ಗಡುವಿನೊಳಗೆ ಬಂದುದೆಂದು ಎಣಿಸತಕ್ಕದ್ದೆಂದು ಒಂದು ನಿಯಮ ಮಾಡಿದರೆ, ಮರುದಿನವೇ ಎಲ್ಲ ಪೆಟ್ಟಿಗೆಗಳು ಖಾಲಿಯಾಗುವವೆಂದು ನಮಗೆ ನಂಬಿಗೆಯಿದೆ.

ಇನ್ನೊಂದು ಕಠಿಣ ಪ್ರಶ್ನೆ ಉಳಿದಿದೆ. ಹೆಗ್ಗರಣೆಯ ಮೆಣಸಿನ ದರಪಟ್ಟಿಯು ಗುಜರಾತಿಗೆ ಹೋಗಬೇಕೋ ಬೇಡವೋ ಎಂಬುದನ್ನು ನಿಶ್ಚಯಿಸುವವರು ಸಮುದ್ರದಾಚೆಯ ಎರಡು ಮೂರು ಕಂಪನಿಗಳು. ೧೯೩೦ರಿಂದ ೩೨ರ ವರೆಗಿನ ಕರನಿರಾಕರಣೆಯ ಕಾಲದಲ್ಲಿ ಸಿದ್ದಾಪುರ ತಾಲೂಕಿನ ರೈತರ ಜಮೀನುಗಳನ್ನು ಜಪ್ತಿ ಮಾಡಿದ ಸರಕಾರಕ್ಕಾದರೂ ಒಂದು ಹೆಸರಿತ್ತು, ಒಂದು ಕಚೇರಿಯಿತ್ತು. ಎದುರಿಗೆ ನಿಂತು ಮಾತಾಡಬಹುದಿತ್ತು. ಈ ಹೊಸ ದ್ವಾರಪಾಲಕನ ಎದುರು ನಿಲ್ಲಲು ಸ್ಥಳವಿಲ್ಲ. ಒಂದು ನಮೂನೆ ತುಂಬಿ ಕಾಯ್ದು ಕೂಡ್ರುವದಷ್ಟೆ. ನಿಯಮವು ನ್ಯಾಯವಾದದ್ದೆಂದು ನಾವು ಮೇಲೆಯೇ ಒಪ್ಪಿದ್ದೇವೆ. ನಿಯಮವನ್ನು ನಡೆಸುವವನು ಯಾರಿಗೂ ಉತ್ತರ ಹೇಳಬೇಕಾಗಿಲ್ಲವೆಂಬುದನ್ನು ಮಾತ್ರ ಒಪ್ಪಲಾರೆವು. ನಿರಾಕರಣೆಗೆ ಗುರಿಯಾದ ಭಾರತೀಯ ವ್ಯಾಪಾರಿಯು ಭಾರತದಲ್ಲಿಯೇ ಒಬ್ಬ ಅಧಿಕಾರಿಯೆದುರು ಮೇಲ್ಮನವಿ ಮಾಡಿಕೊಳ್ಳುವಂತೆ, ಇಂತಿಷ್ಟು ದಿನಗಳಲ್ಲಿ ಉತ್ತರ ಪಡೆಯುವಂತೆ ಕೇಂದ್ರ ಸರಕಾರವು ಏರ್ಪಡಿಸುವದು ಅಸಾಧ್ಯವಲ್ಲ.

೨೦೨೫ರಲ್ಲಿ ಕೇಂದ್ರ ಸರಕಾರದ ಮಂತ್ರಿಗಳೇ ಸ್ವದೇಶದ ಜೋಹೋ ಪತ್ರಸೇವೆಗೆ ಬದಲಾದದ್ದು ಸುದ್ದಿಯಾಯಿತು. ನಮಗೆ ಸಂತೋಷವೇ. ಆದರೆ ಸ್ವದೇಶಿಯ ಉತ್ಸಾಹದಲ್ಲಿ ಮನೆ ಬದಲಿಸಿದವರಲ್ಲಿ ಕೆಲವರು ದಫ್ತರ ಬದಲಿಸುವದನ್ನು ಮರೆತರು. ಖಾದಿ ಉಟ್ಟವನೂ ಗುರುತಿನ ಚೀಟಿಯನ್ನು ಕಿಸೆಯಲ್ಲಿಟ್ಟುಕೊಳ್ಳಬೇಕಾಗುವದು. ಅದರಂತೆ ಭಾಷೆಯ ಮಾತು. ನಿರಾಕರಣೆಯ ಓಲೆಗಳನ್ನೂ ವಿಳಾಸಗಳನ್ನೂ ಯಾವ ಲಿಪಿಯಲ್ಲಿಯಾದರೂ ಬರೆಯಲು ಬೇಕಾದ ನಿಯಮಗಳು ೨೦೧೨ರಲ್ಲಿಯೇ ಸಿದ್ಧವಾಗಿವೆ. ‘ನಿಮ್ಮ ಎಸ್‌ಪಿಎಫ್ ಸಾಲು ತಾಳೆಯಾಗಲಿಲ್ಲ’ ಎಂಬ ಒಂದು ವಾಕ್ಯವನ್ನು ಕನ್ನಡದಲ್ಲಿ ಹೇಳಲು ಸ್ವದೇಶದ ಕಂಪನಿಗಾದರೂ ಅಡ್ಡಿಯೇನು?

ಕಣಗಿನಹಾಳದಲ್ಲಿ ೧೯೦೫ರಲ್ಲಿ ಸಹಕಾರಿ ಸಂಘವನ್ನು ಕಟ್ಟಿದ ನಾಡು ನಮ್ಮದು. ದಲಾಲರ ಕೈಯಿಂದ ಅಡಿಕೆಯನ್ನು ಬಿಡಿಸಲು ಶಿರಸಿಯ ತೋಟಿಗರು ೧೯೨೩ರಲ್ಲಿ ತಮ್ಮದೇ ಮಾರಾಟ ಸಂಘವನ್ನು ಸ್ಥಾಪಿಸಿದರು. ದೇಶದ ೬೩,೦೦೦ ಪ್ರಾಥಮಿಕ ಸಂಘಗಳಿಗೆ ಕಂಪ್ಯೂಟರು ಹಾಕಿಸಲು ಕೇಂದ್ರ ಮಂತ್ರಿಮಂಡಲವು ೨೦೨೨ರ ಜೂನ್ ತಿಂಗಳಲ್ಲಿ ೨,೫೧೬ ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಯಂತ್ರ ಬಂದಿತು, ಪತ್ರ ಮರಳಿದರೆ ಯಾರನ್ನು ಕೇಳಬೇಕೆಂಬುದು ಬರಲಿಲ್ಲ. ಪ್ರತಿಯೊಂದು ಸಂಘವೂ ಒಬ್ಬ ತಜ್ಞನನ್ನು ಸಾಕಬೇಕಾಗಿಲ್ಲ. ಲೆಕ್ಕ ತಪಾಸಣೆಯವರು ಬರುವ ಹಾಗೆ ತಾಲೂಕಿಗೆ ಒಬ್ಬನು ವರ್ಷಕ್ಕೆರಡು ಸಲ ಬಂದು ಈ ದಫ್ತರಗಳನ್ನು ನೋಡಿಹೋದರೆ ಸಾಕು. ಮೂರು ತಾಲೂಕುಗಳ ಸಂಘಗಳು ಕೂಡಿ ಅವನ ಸಂಬಳವನ್ನು ಹಂಚಿಕೊಂಡರೆ ಒಂದೊಂದಕ್ಕೆ ಬೀಳುವ ಪಾಲು ಚಹದ ಖರ್ಚಿಗಿಂತ ಹೆಚ್ಚಾಗದು. ಅವನು ಮೊದಲು ಕೇಳತಕ್ಕ ಪ್ರಶ್ನೆ ಒಂದೇ: ಈ ಕ್ಷೇತ್ರನಾಮ ಯಾರ ಹೆಸರಿನಲ್ಲಿದೆ?

ಹೆಗ್ಗರಣೆಯ ಪ್ರಸಂಗದಲ್ಲಿ ತೊಡಕಾದದ್ದು ಅಲ್ಲಿಯೇ. ಓಲೆಯನ್ನು ಕೊನೆಗೊಮ್ಮೆ ಬಲ್ಲವರಿಗೆ ತೋರಿಸಿದಾಗ ಐದು ನಿಮಿಷಗಳಲ್ಲಿ ರೋಗ ತಿಳಿಯಿತು. ಕೆಲವು ತಿಂಗಳ ಹಿಂದೆ ಪತ್ರಸೇವೆಯನ್ನು ಬದಲಿಸಿದ್ದರು. ಎಸ್‌ಪಿಎಫ್ ಸಾಲಿನಲ್ಲಿ ಹಳೆಯ ಸೇವೆಯ ಹೆಸರೇ ಇತ್ತು. ಡಿಕಿಮಿನ ಮುದ್ರೆಯನ್ನು ಕೊರೆಸಿಯೇ ಇರಲಿಲ್ಲ. ಆದರೆ ದಫ್ತರ ತೆರೆಯುವ ಕೀಲಿಕೈ ಎಲ್ಲಿ? ನಾಲ್ಕು ವರ್ಷಗಳ ಹಿಂದೆ ಇದನ್ನೆಲ್ಲ ಕಟ್ಟಿಕೊಟ್ಟ ತರುಣನು ತನ್ನ ಹೆಸರಿನಲ್ಲಿಯೇ ಕ್ಷೇತ್ರನಾಮ ಕೊಂಡಿದ್ದನು. ಅವನು ಬೆಂಗಳೂರಿನಲ್ಲಿ ಎರಡು ನೌಕರಿ ಬದಲಿಸಿದ್ದನು. ದೂರವಾಣಿ ಸಂಖ್ಯೆ ಬೇರೆಯಾಗಿತ್ತು. ಅವನ ಮೇಲೆ ನಮ್ಮ ಆಕ್ಷೇಪವಿಲ್ಲ. ಸಂಬಂಧಿಕರ ಮೂಲಕ ಪತ್ತೆ ಹಚ್ಚಿ ಕೇಳಿದೊಡನೆ ಎಲ್ಲವನ್ನೂ ಒಪ್ಪಿಸಿದನು. ತಪ್ಪು ತಿದ್ದಲು ಹಿಡಿದದ್ದು ಒಂದು ತಾಸು, ಖರ್ಚು ಬಿಡಿಕಾಸೂ ಇಲ್ಲ. ಕೀಲಿಕೈ ದೊರಕಿಸಲು ಹಿಡಿದದ್ದು ಹನ್ನೊಂದು ದಿನ. ಅಷ್ಟರೊಳಗೆ ಗುಜರಾತಿನ ಗಿರಾಕಿಯು ಆ ಸಾಲಿನ ಮೆಣಸಿನ ಖರೀದಿಯನ್ನು ಮುಗಿಸಿದ್ದನು. ಹೊಸ ದರಪಟ್ಟಿ ಅವನಿಗೆ ಮುಟ್ಟಿತು. ಮುಂದಿನ ಕೊಯ್ಲಿಗೆ ನೋಡೋಣವೆಂದು ಒಂದು ಸಾಲಿನ ಉತ್ತರ ಬರೆದಿದ್ದಾನೆ.